ನೆತ್ತಿಯ ಮೇಲಿನ ಶ್ರೀ

ನಾನು ಒಂದು ಸೈಟ್‌ಮ್ಯಾಪ್. ಹೆದರಬೇಡಿ, ಬರೀ ಪಟ್ಟಿ. ವೆಬ್‌ಸೈಟಿನಲ್ಲಿ ಯಾವ ಪುಟ ಎಲ್ಲಿದೆ ಎಂದು ಸರ್ಚ್ ಎಂಜಿನ್ನಿಗೆ ಹೇಳುವುದು ನನ್ನ ಕೆಲಸ. ಹುಟ್ಟಿದ್ದು ಗದಗಿನಲ್ಲಿ, ನೀಲಗಂಗವ್ವನವರ ಉಂಡಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹುರಿದ ಶೇಂಗಾದ ವಾಸನೆಯ ನಡುವೆ. ಮೂಗಿಲ್ಲದವನಿಗೆ ವಾಸನೆ ಹೇಗೆ ತಿಳಿಯಿತು ಎಂದು ಕೇಳಬೇಡಿ.

ಅಂಗಡಿಗೆ ಎರಡು ವೆಬ್‌ಸೈಟು. ಕಂಪ್ಯೂಟರಿನದರ ಪಟ್ಟಿ ನನ್ನ ಅಣ್ಣ, ಮೊಬೈಲಿನದರ ಪಟ್ಟಿ ನಾನು. ಇಬ್ಬರನ್ನೂ ಬರೆದವರು ಕಂಪ್ಯೂಟರ್ ಕ್ಲಾಸಿನ ರಾಜೇಸಾಬ ಮಾಸ್ತರು. ಉಂಡಿಯ ಹಬ್ಬ ನಾಗರ ಪಂಚಮಿಗೆ ಇಪ್ಪತ್ತೇ ದಿನವಿತ್ತು. ಗಿರಾಕಿಗಳೆಲ್ಲ ಮೊಬೈಲಿಗೆ ಹೊರಳಿದ್ದರು, ಅದರಲ್ಲಿ ಹುಡುಕಿದವರಿಗೆ ಅಂಗಡಿ ಸಿಗದಿದ್ದರೆ ಉಂಡಿ ಕಟ್ಟುವ ಆರು ಹೆಂಗಸರಿಗೆ ಆ ವರ್ಷ ಕೆಲಸವಿರುತ್ತಿರಲಿಲ್ಲ.

ಮಾಸ್ತರು ನನ್ನನ್ನು ತೋರಿಸಿದಾಗ ನೀಲಗಂಗವ್ವ ಕನ್ನಡಕ ಏರಿಸಿ ನೋಡಿದರು.

"ಮ್ಯಾಲ ಶ್ರೀ ಎಲ್ಲೈತ್ರಿ ಮಾಸ್ತರ?"

"ಇದು ಮಷೀನ್ ಓದೂ ಪಟ್ಟಿ ರೀ ಅಕ್ಕಾರ."

"ಯಾರರ ಓದ್ಲಿ. ಲಗ್ನದ ಯಾದಿಯಿಂದ ಕಿರಾಣಿ ಚೀಟಿ ತನಕಾ ಶ್ರೀ ಇಲ್ದ ನಮ್ಮನ್ಯಾಗ ಏನೂ ಬರ್ದಿಲ್ಲ!"

ಮಾಸ್ತರು ಹತ್ತು ವರ್ಷ ಆ ಮನೆಯ ಉಂಡಿ ತಿಂದವರು. ನನ್ನ ಮೊದಲ ಸಾಲಿನ ಮೇಲೆ ಶ್ರೀ ಬರೆದೇಬಿಟ್ಟರು. ಅಬ್ಬಾ, ನಾನೆಷ್ಟು ಬೀಗಿದೆ! ಅಣ್ಣನನ್ನು ಬರೆದಾಗ ಅವ್ವ ಊರಿನಲ್ಲಿರಲಿಲ್ಲ, ಅವನ ತಲೆ ಬೋಳು.

ಸರ್ಚ್ ಎಂಜಿನ್ ಬಂತು. ಅಣ್ಣನನ್ನು ಗಟಗಟ ಓದಿತು. ನನ್ನ ನೆತ್ತಿ ನೋಡಿ ಹಾಗೇ ಹೊರಟುಹೋಯಿತು. ನಾನು ಎಂಥ ಕಡತ ಎಂದು ಹೇಳುವ ಸಾಲೇ ಎಲ್ಲಕ್ಕಿಂತ ಮೇಲಿರಬೇಕಂತೆ. ಅದರ ಮೇಲೆ ಒಂದಕ್ಷರವಿದ್ದರೂ ಓದುವುದಿಲ್ಲವಂತೆ. ವಾರವಾದರೂ ಮೊಬೈಲಿನಿಂದ ಒಂದೂ ಆರ್ಡರ್ ಬರಲಿಲ್ಲ. ಆರು ಹೆಂಗಸರು ಖಾಲಿ ಪರಾತದ ಮುಂದೆ ಸುಮ್ಮನೆ ಕೂತಿದ್ದರು. ನನಗೆ ಅಳು ಬಂತು.

"ಶ್ರೀ ತಗೀಬೇಕ್ರಿ ಅಕ್ಕಾರ."

"ಮೊದ್ಲ ನನ್ನ ತಗೀರಿ, ಆಮ್ಯಾಲ ಅದನ್ನ ತಗೀರಿ!"

ಮಾಸ್ತರು ತಲೆ ಕೆರೆದುಕೊಂಡರು. ಕೊನೆಗೆ ಶ್ರೀಯನ್ನು ಎರಡನೇ ಸಾಲಿಗೆ ಇಳಿಸಿ, ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿಯ ಗುರುತಿನೊಳಗೆ ಕೂರಿಸಿದರು.

"ಮೊದಲ್ನೇ ಸಾಲು ಬಾಗಲಾ ಅಂತ ತಿಳ್ಕೋರಿ. ದೇವ್ರು ಒಳಗಿರ್ತಾನಲ್ರಿ?"

ಅವ್ವ ಎರಡನೇ ಸಾಲಿನ ಶ್ರೀ ನೋಡಿ ಹೂಂ ಅಂದರು. ಮೂರನೇ ದಿನ ಅಂಗಡಿ ಮೊಬೈಲಿನಲ್ಲಿ ಕಂಡಿತು. ಪಂಚಮಿಯ ತನಕ ಆ ಹೆಂಗಸರಿಗೆ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ.

ಆರು ವರ್ಷದ ಮೇಲೆ ಎಲ್ಲ ತೆರೆಗೂ ಹೊಂದುವ ಒಂದೇ ವೆಬ್‌ಸೈಟು ಬಂತು, ಅದಕ್ಕೊಂದು ಹೊಸ ಪಟ್ಟಿಯೂ ಬಂತು. ಮಾಸ್ತರು ಅಣ್ಣನನ್ನು ಅಳಿಸಿದರು. ಮುಂದೆ ನನ್ನ ಸರದಿ.

"ಏ ಮಾಸ್ತರ! ಅದರಾಗ ಶ್ರೀ ಐತಿ, ಒಗೀಬ್ಯಾಡ್ರಿ!"

ಹಾಗಾಗಿ ಈಗ 'ಹಳೇದು' ಎಂಬ ಫೋಲ್ಡರಿನಲ್ಲಿ ಆರಾಮಾಗಿದ್ದೇನೆ. ಯಾರೂ ಓದುವುದಿಲ್ಲ, ಬೇಜಾರೂ ಇಲ್ಲ. ಪಂಚಮಿ ಬಂದಾಗ ಮಾತ್ರ ಅಣ್ಣನ ನೆನಪಾಗುತ್ತದೆ. ಅವನಿಗೂ ಒಂದು ಶ್ರೀ ಬರೆಸಬೇಕಿತ್ತು.