ಕನ್ನಡಿ ಅಭ್ಯಾಸ

ಹಳೆಯ ಸಂಶೋಧನೆಗಳಲ್ಲಿ ಯಾವುದನ್ನು ಮತ್ತೆ ಮಾಡಿ ನೋಡಬೇಕು ಎಂದು ಆರಿಸುವುದೇ ಅವಳ ಕೆಲಸ. ಆ ಕುರ್ಚಿಗೆ ಬಂದಮೇಲೆ ಸಂಸ್ಥೆಯ ಕ್ಯಾಂಟೀನಿನಲ್ಲಿ ಅವಳ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ತಮ್ಮ ಪ್ರಬಂಧದ ಮೇಲೂ ಇವಳ ಕಣ್ಣು ಬಿದ್ದೀತೆಂಬ ಅಳುಕು. ಸಂಖ್ಯಾಶಾಸ್ತ್ರದವನೊಬ್ಬ ಮಾತ್ರ ದೂರದಿಂದಲೇ ಕೈಯೆತ್ತಿ, ತಟ್ಟೆ ಹಿಡಿದು ಬೇರೆ ಮೂಲೆಗೆ ಹೋಗುತ್ತಿದ್ದ.

ಆ ವರ್ಷ ಒಂದೇ ಪ್ರಯೋಗಕ್ಕೆ ಅನುದಾನವಿತ್ತು; ಅವಳ ಪಟ್ಟಿಯಿಂದ ಅದನ್ನು ಸಮಿತಿ ಮತ ಹಾಕಿ ಆರಿಸಬೇಕಿತ್ತು. ನೀಲಿ ಗೋಡೆಯ ಕೋಣೆಯಲ್ಲಿ ಜನ ನಿಜ ಹೇಳುತ್ತಾರೆ ಎಂಬ ಅಧ್ಯಯನದ ಮೇಲೆ ಸಮಿತಿಯ ಹೆಚ್ಚಿನವರಿಗೆ ಮನಸ್ಸು. ಪತ್ರಿಕೆಗಳೆಲ್ಲ ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದವು.

"ಅದು ಸುಳ್ಳಾದ್ರೆ ಯಾರಿಗೇನು ನಷ್ಟ?" ಎಂದಳು ಅವಳು ಸಭೆಯಲ್ಲಿ. "ಗೋಡೆಗೆ ಬೇರೆ ಬಣ್ಣ ಬಳಿದ್ರಾಯ್ತು. ಕನ್ನಡಿ ಅಭ್ಯಾಸ ಹಾಗಲ್ಲ. ಪಾರ್ಶ್ವವಾಯು ಹೊಡೆದು ಮಾತು ನಿಂತವರನ್ನ ದಿನಾ ಕನ್ನಡಿ ಮುಂದೆ ಕೂರಿಸಿ ತುಟಿ ಆಡಿಸ್ತಾರೆ. ಎಷ್ಟೋ ಮನೆಗಳಲ್ಲಿ ನಡೀತಿದೆ. ಅದಕ್ಕಿರೋ ಆಧಾರ, ಬೆರಳೆಣಿಕೆಯ ರೋಗಿಗಳ ಮೇಲೆ ಮಾಡಿದ ಒಂದೇ ಒಂದು ಅಧ್ಯಯನ." ತುಸು ತಡೆದು ಸೇರಿಸಿದಳು: "ನಮ್ಮ ಭಾವನಿಗೂ ಅಕ್ಕ ಅದನ್ನೇ ಮಾಡಿಸ್ತಿದ್ದಾಳೆ. ಇದು ನಿಮಗೆ ಗೊತ್ತಿರಬೇಕು."

"ಹಾಗಾದ್ರೆ ನೀವು ಮತ ಹಾಕೋ ಹಾಗಿಲ್ಲಮ್ಮ," ಎಂದರು ಅಧ್ಯಕ್ಷರು. "ಸ್ವಲ್ಪ ಹೊರಗೆ ಕೂತಿರಿ."

ಕಾರಿಡಾರಿನ ಬೆಂಚಿನ ಮೇಲೆ ಒಬ್ಬಳೇ ಕೂತಳು. ಒಳಗಿನಿಂದ ನಗು ಕೇಳಿಸಿತು. ನೀಲಿ ಗೋಡೆಯೇ ಗೆಲ್ಲಲಿ ಎಂದು ಒಂದು ಕ್ಷಣ ಅನ್ನಿಸಿತು. ಅಕ್ಕನಿಗೆ ಉಳಿದಿದ್ದ ಭರವಸೆ ಆ ಕನ್ನಡಿಯೊಂದೇ. ಅಷ್ಟರಲ್ಲಿ ಅಧ್ಯಕ್ಷರು ಬಾಗಿಲು ತೆರೆದು, "ನಿಮ್ಮದೇ ಆಯ್ತು," ಎಂದರು.

ಬೇರೊಂದು ತಂಡ ದೊಡ್ಡ ಆಸ್ಪತ್ರೆಗಳಲ್ಲಿ ಪ್ರಯೋಗ ನಡೆಸಿತು. ಕನ್ನಡಿ ಮುಂದೆ ಕೂತವರಿಗೂ ಮನೆಯವರ ಜೊತೆ ಸುಮ್ಮನೆ ಹೊತ್ತು ಕಳೆದವರಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ಅವಳೇ ಅಕ್ಕನ ಮನೆಗೆ ಹೋದಳು.

ಅಕ್ಕ ಬಟ್ಟೆ ಮಡಿಸುತ್ತಿದ್ದಳು. ವಿಷಯ ಕೇಳಿದ ಮೇಲೆ ಒಂದೇ ಅಂಗಿಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು.

"ಬೇಡ ಅಂತ ಮುಖ ತಿರುಗಿಸ್ತಿದ್ರು ಕಣೇ. ಗದ್ದ ಹಿಡಿದು ಕೂರಿಸಿದ್ದೀನಿ. ಅತ್ತರೂ ಬಿಟ್ಟಿಲ್ಲ."

"ನಿನಗೆ ಹೇಗೆ ಗೊತ್ತಾಗ್ಬೇಕಿತ್ತು ಅಕ್ಕಾ?"

"ನಿನಗೆ ಅನುಮಾನ ಇತ್ತಲ್ಲ? ಆಗಲೇ ಒಂದು ಮಾತು ಹೇಳ್ಬಹುದಿತ್ತು."

"ಬರೀ ಅನುಮಾನ. ಅದನ್ನ ನಂಬಿ ನಿಲ್ಲಿಸು ಅಂತ ಹೇಗೆ ಹೇಳ್ಲಿ? ನಿಜವಾಗ್ಲೂ ಗುಣ ಸಿಗೋ ಹಾಗಿದ್ದಿದ್ರೆ?"

ಅಕ್ಕ ಅಂಗಿಯನ್ನು ಪಕ್ಕಕ್ಕಿಟ್ಟಳು. "ಇವತ್ತು ನೀನು ಹೊರಡು," ಎಂದಳು.

ವಾರಗಟ್ಟಲೆ ಫೋನ್ ಬರಲಿಲ್ಲ. ಇವಳು ಮಾಡಿದರೆ ಅಕ್ಕ ಎತ್ತಲಿಲ್ಲ. ಸಂಸ್ಥೆಯಲ್ಲಿ ಅವಳಿಗೊಂದು ಅಭಿನಂದನಾ ಸಭೆ ನಡೆಯಿತು; ಚಪ್ಪಾಳೆ ತಟ್ಟಿದವರು ಚಹಾಕ್ಕೂ ನಿಲ್ಲದೆ ಚದುರಿದರು.

ಕೊನೆಗೊಂದು ಭಾನುವಾರ ಅಕ್ಕನೇ ಫೋನ್ ಮಾಡಿದಳು. ಸಿಟ್ಟು ಪೂರ್ತಿ ಇಳಿದಿಲ್ಲವೆಂದು ದನಿಯಲ್ಲೇ ತಿಳಿಯುತ್ತಿತ್ತು.

"ಈಗ ಬೆಳಿಗ್ಗೆ ಇಬ್ರೂ ಕಿಟಕಿ ಹತ್ರ ಸುಮ್ನೆ ಕೂರ್ತೀವಿ. ಮಾತೇನೂ ಬಂದಿಲ್ಲ. ಆದ್ರೆ ನನ್ನ ಕಂಡ್ರೆ ಹೆದರ್ತಿಲ್ಲ ಅವರು. ಇಷ್ಟು ಹೇಳೋಣ ಅನ್ನಿಸ್ತು."

"ನಾನು ಬರ್ಲಾ?"



"ಈಗಲೇ ಬೇಡ ಕಣೇ," ಎಂದಳು ಅಕ್ಕ. "ಆದ್ರೆ ಫೋನ್ ಇಡ್ಬೇಡ."

ಇವಳು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು, ತನ್ನ ಅಡುಗೆಮನೆಯ ಸ್ಟೂಲನ್ನು ಎಳೆದುಕೊಂಡು ಕೂತಳು.