ಗೊಲ್ಲಪ್ಪನ ಮನೆಯಲ್ಲಿ ಟೀ ಕುಡಿದವರು

ಗೊಲ್ಲಪ್ಪನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ಭಾನುವಾರ ಯಾರು ಟೀ ಕುಡಿದರು, ಯಾರು ಕುಡಿಯಲಿಲ್ಲ, ಕುಡಿದವರಲ್ಲಿ ಅರ್ಧ ಲೋಟದವರೆಷ್ಟು, ಎರಡು ಲೋಟದವರೆಷ್ಟು ಎಂಬುದು ಮಾಡದಕೆರೆ ಹೋಬಳಿಯ ಆ ಹಳ್ಳಿಯ ಪಾಲಿಗೆ ಈ ವರ್ಷದ ಅತ್ಯಂತ ಗಂಭೀರ ವಿಚಾರ. ಅದರ ಮುಂದೆ ಪಂಚಾಯ್ತಿ ಚುನಾವಣೆಯೂ ಸಣ್ಣದು. ಸರಿಯಾಗಿ ಕರೆಯಲಿಲ್ಲವೆಂದು ಮುನಿದು ಟೀ ಮುಟ್ಟದೆ ಎದ್ದುಹೋಗಿದ್ದವರು ಕೂಡ ಗುರುವಾರದ ಹೊತ್ತಿಗೆ ತಾವೂ ಕುಡಿದಿದ್ದೇವೆಂದು ಸಾಕ್ಷಿ ಸಮೇತ ವಾದಿಸುತ್ತಿದ್ದರು.

ಕಾರಣ, ಟೀಗೆ ಹಾಕಿದ್ದು ಗೊಲ್ಲಪ್ಪನ ಸೀಮೆಹಸುವಿನ ಹಾಲು. ಸೋಮವಾರ ಆ ಹಸು ನೀರು ಕುಡಿಯುವುದು ಬಿಟ್ಟಿತು, ಜೊಲ್ಲು ಸುರಿಸಿತು, ಗಂಟಲು ಒಡೆದಂತೆ ಕೂಗಿತು. ಬುಧವಾರ ಸತ್ತಿತು. ನೋಡಲು ಬಂದ ದನದ ಡಾಕ್ಟರು, ತಿಂಗಳ ಹಿಂದೆ ಇದಕ್ಕೆ ನಾಯಿ ಕಚ್ಚಿತ್ತೇ ಎಂದು ಕೇಳಿದರು. ಕಚ್ಚಿತ್ತು. ಹಾಗಾದರೆ ಇದು ಹುಚ್ಚುನಾಯಿ ರೋಗವೇ ಎಂದು, ಹಗ್ಗ ಹಿಡಿದು ಜೊಲ್ಲು ಒರೆಸಿದ್ದ ಗೊಲ್ಲಪ್ಪನನ್ನೂ ಅವನ ಹೆಂಡತಿಯನ್ನೂ ಅಂದೇ ಹೊಸದುರ್ಗದ ಆಸ್ಪತ್ರೆಗೆ ಅಟ್ಟಿದರು. ಅವರಿಬ್ಬರು ತೋಳಿಗೆ ಚುಚ್ಚಿಸಿಕೊಂಡು ಬಂದದ್ದೇ ತಡ, ಇಡೀ ಊರು ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಿತು.

ಮರುದಿನ ಬೆಳಿಗ್ಗೆ ನರ್ಸ್ ಮರುಳಸಿದ್ದಮ್ಮ ಬಂದಾಗ ಆರೋಗ್ಯ ಉಪಕೇಂದ್ರದ ಮುಂದೆ ನೂರಾ ಹದಿನಾರು ಜನ ಸಾಲು ನಿಂತಿದ್ದರು. ಮೂವತ್ತೊಂದು ವರ್ಷದಿಂದ ಅವರು ಈ ಊರಿನ ಬಾಗಿಲು ಬಡಿದು, ಲಸಿಕೆ ಹಾಕಿಸಿಕೊಳ್ಳಿ ಎಂದು ಗೋಗರೆದಿದ್ದರು. ನಿವೃತ್ತಿಗೆ ಏಳು ತಿಂಗಳಿರುವಾಗ ಊರು ತಾನಾಗಿ ಬಂದು ನಿಂತಿತ್ತು, ಅದೂ ಬೇಡದ ಲಸಿಕೆಗೆ.

"ಕುದಿಸಿದ ಹಾಲಿಂದ ಈ ರೋಗ ಬರಲ್ಲ ಕಣ್ರಪ್ಪ. ಟೀ ಕುದ್ದಿತ್ತೋ ಇಲ್ವೋ?"

"ಟೀ ಕುದ್ದೈತೆ ನರ್ಸಮ್ಮ. ಹುಚ್ಚು ಕುದ್ದೈತೋ ಇಲ್ಲೋ ಯಾರು ನೋಡ್ಯಾರೆ?" ಎಂದ ಸಾಲಿನ ಮುಂದಿದ್ದ ಮಾರುತೇಶ್.

ಅವನ ಹಿಂದಿನಿಂದ ಸಿದ್ದಕ್ಕಜ್ಜಿ ತೋಳು ಮುಂದೆ ಚಾಚಿತು. "ನಾನು ಎಲ್ಡು ಲೋಟ ಕುಡ್ದೀನವ್ವ. ನಂಗೆ ಎಲ್ಡು ಹಾಕು."

"ಭಾನುವಾರ ನೀನು ಬಾಗೂರಲ್ಲಿ ಮಗಳ ಮನೇಲಿದ್ದೆ ಅಜ್ಜಿ. ನಾನೇ ನಿನ್ನ ಬಸ್ಸು ಹತ್ತಿಸಿದ್ದು."

"ಅಲ್ಲಿಗೇ ಫ್ಲಾಸ್ಕಿನಾಗೆ ಕಳ್ಸಿದ್ರು."

ಮರುಳಸಿದ್ದಮ್ಮ ಕಣ್ಣು ಮುಚ್ಚಿ ತೆರೆದರು. ರೋಗ ಇರುವುದು ಜೊಲ್ಲಿನಲ್ಲಿ, ಗಾಯವಿದ್ದಲ್ಲಿ ಒಳಗಿಳಿಯುತ್ತದೆ, ಹೊಟ್ಟೆಗೆ ಹೋದ ಟೀಯಿಂದಲ್ಲ ಎಂದು ಇನ್ನೊಮ್ಮೆ ಹೇಳಿದರು. ಯಾರೂ ಕದಲಲಿಲ್ಲ. ಆಗ ಪಕ್ಕದಲ್ಲಿ ನಿಂತಿದ್ದ ಗೊಲ್ಲಪ್ಪನನ್ನು ಕರೆದು, ಹಸುವಿನ ಬಾಯಿಗೆ ಬೇರೆ ಯಾರಾದರೂ ಕೈ ಹಾಕಿದ್ದರಾ ಎಂದು ಕೇಳಿದರು.

"ಕಾಟಪ್ಪಣ್ಣ ಹಾಕಿದ್ನಲ್ಲ. ಗಂಟಲಾಗೆ ಏನೋ ಸಿಕ್ಕೈತೆ ಅಂತ ಮೊಣಕೈ ತಂಕ ಹಾಕಿದ್ದ."

"ಅದನ್ನ ಈಗ ಹೇಳ್ತೀಯಲ್ಲೋ!"

"ನೀವು ಟೀ ಬಗ್ಗೆ ಕೇಳಿದ್ರಿ."

ನೂರಾ ಹದಿನಾರು ಜನರ ಆ ಸಾಲಿನಲ್ಲಿ ಕಾಟಪ್ಪ ಇರಲಿಲ್ಲ.

ದನದ ಗಂಟಲಿಗೆ ಸಿಕ್ಕಿದ್ದನ್ನು ಕೈಹಾಕಿ ತೆಗೆಯುವುದರಲ್ಲಿ ಕಾಟಪ್ಪ ಸುತ್ತ ಎಂಟು ಹಳ್ಳಿಗೆ ಹೆಸರುವಾಸಿ. ಮಾವಿನ ವಾಟೆ, ಜೋಳದ ದಿಂಡು, ಒಮ್ಮೆ ಅರ್ಧ ಚಪ್ಪಲಿ, ಎಲ್ಲ ಅವನ ಕೈಗೆ ಸಿಕ್ಕಿವೆ. ಹುಚ್ಚು ಹಿಡಿದ ಹಸುವೂ ಗಂಟಲಿಗೆ ಏನೋ ಸಿಕ್ಕಿದ ಹಸುವೂ ನೋಡಲು ಒಂದೇ ತರ, ಎರಡೂ ನುಂಗಲಾರವು, ಎರಡೂ ಜೊಲ್ಲು ಸುರಿಸುತ್ತವೆ ಎಂಬುದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುವ ಪೈಕಿಯಲ್ಲ.

ಮರುಳಸಿದ್ದಮ್ಮ ಹೋದಾಗ ಅವನು ಜಗಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ.

"ಬರ್ರಿ ನರ್ಸಮ್ಮ, ಕುಂತ್ಕಳ್ರಿ. ಹಸ ಸತ್ತಿದ್ದು ವಾಟೆಯಿಂದ. ನನ್ನ ಬೆರಳು ತಾಗಾದ್ರೊಳಗೆ ಕೆಳಗಿಳೀತು. ಇನ್ನು ಉಳಿದಿದ್ದು ಡಾಕ್ಟ್ರು ಕಟ್ಟಿದ ಕತೆ."

"ಇರ್ಲಿ ಕಾಟಣ್ಣ. ಕೈ ತೋರ್ಸು."

ಮಣಿಕಟ್ಟಿನ ಮೇಲೆ ಎರಡು ಗೀರು, ಒಣಗಿ ಕಪ್ಪಾಗಿದ್ದವು.

"ಜಾಲಿಮುಳ್ಳು," ಎಂದ ಕಾಟಪ್ಪ.

"ಯಾವ ಜಾಲಿಮುಳ್ಳು?" ಒಳಗಿನಿಂದ ಅವನ ಹೆಂಡತಿ ಪುಟ್ಟಕ್ಕ ಬಂದಳು. "ಹಸೀನ ಹಲ್ಲು ಗೀರ್ತು ಅಂತ ನೀನೇ ಅರಿಶಿಣ ಮೆತ್ಕಂಡೆ. ನರ್ಸಮ್ಮ, ಇವ್ನಿಗೆ ಸುಳ್ಳು ಹೇಳಾಕೂ ಬರಲ್ಲ."

ಮರುಳಸಿದ್ದಮ್ಮ ಅವನನ್ನು ನಲ್ಲಿಯ ಹತ್ತಿರ ಕೂರಿಸಿ ಸೋಪು ಹಚ್ಚಿ ತೊಳೆಯತೊಡಗಿದರು. ಮೂರು ದಿನ ತಡವಾಗಿತ್ತು, ಆದರೂ ಹದಿನೈದು ನಿಮಿಷ, ಮೊಬೈಲಿನಲ್ಲಿ ಹೊತ್ತು ನೋಡಿಕೊಂಡು. ತೊಳೆಯುತ್ತಲೇ, ಯಾವ ಉಪದೇಶದ ದನಿಯೂ ಇಲ್ಲದೆ, ಹಿಂದೆ ತಾವು ನೋಡಿದ ಒಬ್ಬನ ವಿಷಯ ಹೇಳಿದರು. ನಾಯಿ ಕಚ್ಚಿ ಎರಡು ತಿಂಗಳು ಚೆನ್ನಾಗಿದ್ದ. ಆಮೇಲೆ ನೀರಿನ ಲೋಟ ಕಂಡರೆ ಗಂಟಲು ಹಿಡಿದುಕೊಳ್ಳುತ್ತಿತ್ತು. ಬಾಯಾರಿಕೆ ಮಾತ್ರ ಇತ್ತು. ಐದನೇ ದಿನ ತೀರಿಕೊಂಡ. "ಶುರುವಾಗೋ ಮುಂಚೆ ಸೂಜಿ ಐತೆ ಕಾಟಣ್ಣ. ಶುರುವಾದ ಮೇಲೆ ಯಾವ ಮದ್ದೂ ಇಲ್ಲ. ಇವತ್ತೇ ಹೋಗ್ಬೇಕು."

ಪುಟ್ಟಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಟಪ್ಪ ಕೈಮೇಲಿನ ನೊರೆ ಕೊಡವಿದ.

"ನಾನು ಸೂಜಿ ಹಾಕಿಸ್ಕಂಡ್ರೆ ಊರು ಏನಂತೈತೆ? ನಲವತ್ತು ವರ್ಷ ದನದ ಬಾಯಾಗೆ ಕೈ ಹಾಕ್ದೋನಿಗೆ ವಾಟೆ ಯಾವುದು, ಹುಚ್ಚು ಯಾವುದು ಗೊತ್ತಾಗ್ಲಿಲ್ಲ ಅಂತೈತೆ. ನಾಳೆ ನನ್ನ ಯಾರು ಕರೀತಾರೆ?"

"ಸತ್ರೆ ಯಾರು ಕರೀತಾರೆ?" ಎಂದಳು ಪುಟ್ಟಕ್ಕ.

ಅದಕ್ಕೂ ಅವನು ಅಲುಗಲಿಲ್ಲ. ಮರುಳಸಿದ್ದಮ್ಮನಿಗೆ ವಾದ ಮಾಡುವ ಶಕ್ತಿ ಉಳಿದಿರಲಿಲ್ಲ. ಅವರು ಬೇರೆ ದಾರಿ ಹಿಡಿದರು.

"ಭಾನುವಾರ ಟೀ ಕುಡಿದ್ಯಾ?"

"ಕುಡ್ದೆ. ಸಕ್ಕರೆ ಇಲ್ಲದ್ದು."

ಊರಿನಲ್ಲಿ ಸಕ್ಕರೆ ಕಾಯಿಲೆಯವರು ಹದಿನಾಲ್ಕು ಜನ ಎಂದು ಅವರ ಪಟ್ಟಿ ಹೇಳುತ್ತದೆ. ಹದಿಮೂರು ಜನ ಅದನ್ನು ಮುಚ್ಚಿಟ್ಟು, ಸಮಾರಂಭಗಳಲ್ಲಿ ಸಿಹಿ ಟೀಯನ್ನೇ ಕುಡಿಯುತ್ತಾರೆ. ಸಕ್ಕರೆಯಿಲ್ಲದ ಟೀ ಬೇರೆ ಮಾಡಿಸಿಕೊಂಡು ಕುಡಿಯುವವನು ಕಾಟಪ್ಪ ಒಬ್ಬನೇ, ಅದೂ ಪಥ್ಯಕ್ಕಿಂತ ಹೆಚ್ಚಾಗಿ ಗತ್ತಿಗೆ.

ಅವರು ಮಾಡದಕೆರೆ ಆರೋಗ್ಯ ಕೇಂದ್ರದ ಡಾಕ್ಟರ್ ಚೇತನ್‌ಕುಮಾರ್‌ಗೆ ಫೋನು ಮಾಡಿದರು. ಹುಡುಗಪ್ರಾಯದ ಡಾಕ್ಟರು ಒಂದೇ ಮಾತು ಹೇಳಿದರು: ತಕ್ಷಣ ಹೊಸದುರ್ಗಕ್ಕೆ ಕಳಿಸಿ, ಗಾಯದ ಸುತ್ತ ಕೊಡುವ ಇಂಜೆಕ್ಷನ್ನೂ ಬೇಕು, ಅದು ಅಲ್ಲೇ ಇದೆ.

ಉಪಕೇಂದ್ರಕ್ಕೆ ಹಿಂದಿರುಗಿ ಮರುಳಸಿದ್ದಮ್ಮ ಮೆಟ್ಟಿಲ ಮೇಲೆ ನಿಂತರು. ಮೂವತ್ತೊಂದು ವರ್ಷದಲ್ಲಿ ಆರೋಗ್ಯದ ವಿಷಯದಲ್ಲಿ ಒಂದು ಸುಳ್ಳನ್ನೂ ಹೇಳದ ಹೆಂಗಸು, ಗಂಟಲು ಸರಿಮಾಡಿಕೊಂಡು ಹೇಳಿದರು: "ಮೇಲಿನಿಂದ ಮಾಹಿತಿ ಬಂದೈತೆ. ಸಕ್ಕರೆ ಹಾಕಿದ ಟೀ ಕುಡಿದವರಿಗೆ ಏನೂ ಆಗಲ್ಲ, ಮನೆಗೆ ಹೋಗ್ರಿ. ಸಕ್ಕರೆ ಇಲ್ಲದ್ದು ಬೇರೆ ಪಾತ್ರೆ, ಸರಿಯಾಗಿ ಕುದ್ದಿಲ್ಲ. ಅದನ್ನ ಕುಡಿದವರು ಹೊಸದುರ್ಗಕ್ಕೆ."

ಸಾಲು ತನ್ನೊಳಗೇ ಗುಜುಗುಜು ಮಾತಾಡಿಕೊಂಡಿತು.

"ಸಕ್ಕರೆ ಇಲ್ಲದ್ದು ಕುಡ್ದೋನು ಕಾಟಪ್ಪ ಒಬ್ನೇ," ಎಂದ ಮಾರುತೇಶ್.

"ಪಾಪ, ಒಂದು ಚಮಚ ಹಾಕ್ಕಂಡಿದ್ರೆ ಅವನ ಗಂಟೇನು ಹೋಗ್ತಿತ್ತು," ಎಂದಿತು ಸಿದ್ದಕ್ಕಜ್ಜಿ. ಸ್ವಲ್ಪ ಯೋಚಿಸಿ, "ನನ್ನ ಫ್ಲಾಸ್ಕಿನಾಗೂ ಸಕ್ಕರೆ ಕಮ್ಮಿನೇ ಇತ್ತವ್ವ."

ಕಾಟಪ್ಪ ಬಿಳಿ ಪಂಚೆ ಉಟ್ಟು, ಟೀಯಿಂದ ಕೆಟ್ಟ ಮನುಷ್ಯನ ಮುಖ ಹೊತ್ತು, ಎಲ್ಲರ ಕನಿಕರದ ನಡುವೆ ಬಸ್ಸು ಹತ್ತಿದ. ಅವನ ಜೇಬಿನಲ್ಲಿದ್ದ ಚೀಟಿಯಲ್ಲಿ ಮರುಳಸಿದ್ದಮ್ಮ ನಿಜವನ್ನೇ ಬರೆದಿದ್ದರು: ಹುಚ್ಚು ಶಂಕಿತ ಹಸುವಿನ ಬಾಯಿಗೆ ಕೈ, ಹಲ್ಲಿನ ಗೀರು, ಮೂರು ದಿನ.

ಆ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಎರಡು ವಾರದ ಮೇಲೆ ಮಾರುತೇಶನ ಹಿಮ್ಮಡಿಗೆ ನಾಯಿ ಕಚ್ಚಿತು. ಅವನು ಮೂರು ಲೋಟ ಸಕ್ಕರೆನೀರು ಕುಡಿದು, ಗಾಯಕ್ಕೆ ಬೆಲ್ಲ ಅರೆದು ಹಚ್ಚಿ, ಅರ್ಧ ದಿನ ಮಲಗಿ, ಸಂಜೆ ಕುಂಟಿಕೊಂಡು ಬಂದ. ಮರುಳಸಿದ್ದಮ್ಮ ಬೆಲ್ಲ ಕೆರೆದು ತೆಗೆದು ಸೋಪಿನಿಂದ ತೊಳೆದರು. ಮತ್ತೆ ಹದಿನೈದು ನಿಮಿಷ.

"ಸಕ್ಕರೆಗೂ ಇದಕ್ಕೂ ಸಂಬಂಧ ಇಲ್ಲ ಕಣಪ್ಪ. ಸೋಪು, ಸೂಜಿ, ಅಷ್ಟೆ."

"ಅವತ್ತು ನೀವೇ ಹೇಳಿದ್ರಲ್ಲ ನರ್ಸಮ್ಮ, ಇಡೀ ಊರಿನ ಮುಂದೆ."

ಅವರು ನಲ್ಲಿ ಇನ್ನಷ್ಟು ತಿರುಗಿಸಿದರು. ಮಾರುತೇಶನನ್ನೂ ಹೊಸದುರ್ಗಕ್ಕೆ ಕಳಿಸಿದರು. ಮರುದಿನದಿಂದ ಸಂಜೆ ಸಂಜೆ ಮನೆಮನೆಗೆ ಹೋಗಿ, ಸಕ್ಕರೆ ಅಲ್ಲ ಸೋಪು, ಸಕ್ಕರೆ ಅಲ್ಲ ಸೋಪು ಎಂದು ಹೇಳಿಬಂದರು. ಕೇಳಿದವರು ತಲೆಯಾಡಿಸಿ, ಕುಂತ್ಕಳ್ರಿ ಎಂದು ಸಿಹಿ ಟೀ ಕೊಟ್ಟರು.

ಅತ್ತ ಕಾಟಪ್ಪ ಮುಂದಿನ ಸೂಜಿಗಳಿಗೆ ಮೂರನೇ ದಿನ ಹೋಗಿದ್ದ, ಏಳನೇ ದಿನ ಹೋಗಿದ್ದ. ಇಪ್ಪತ್ತೆಂಟನೇ ದಿನ ಪುಟ್ಟಕ್ಕ ಅವನನ್ನು ಬೈದು ಎಬ್ಬಿಸಿ ಕಳಿಸಿದಳು. ನಾಲ್ಕು ಸಲದ ಸೂಜಿಯೂ ಮುಗಿಯಿತು. ಅವನಿಗೆ ರೋಗ ಬರಲಿಲ್ಲ.