ತುಕ್ರಪ್ಪನ ಚಮಚ

ಕೇಳಿಸಿಕೊಳ್ಳಿ, ಎರಡೆರಡು ಸಲ ಹೇಳುವವನಲ್ಲ ನಾನು: ತೋಡಾರಿನ ತುಕ್ರಪ್ಪನ ಬಾಯಿಗೆ ಕೊನೆಯ ಚಮಚ ಗಂಗಸರ, ಅಂದರೆ ನಮ್ಮ ಗೇರುಹಣ್ಣಿನ ಸಾರಾಯಿ, ಬಿಟ್ಟವನು ಸುಬ್ಬಯ್ಯ. ಹತ್ತೂರಿನ ಜನ ನೋಡುತ್ತಿದ್ದಂತೆ, ನಡುಹಗಲಲ್ಲಿ, ಹೀರೋ ಎಂಟ್ರಿ ಕೊಟ್ಟು!

ಹೆಣ ಎತ್ತಲು ನಾಲ್ವರು ಬಗ್ಗಿದ್ದರು. ಹೆಂಡತಿ ಸೇಸಮ್ಮ ತಡೆದಳು.

“ನೀರು ಬಿಟ್ಟದ್ದು ಸಾಕು. ಒಂದು ಚಮಚ ಗಂಗಸರ ಬಿಡುವ. ಆದ್ರೆ ಟೆಸ್ಟ್ ಆಗ್ಬೇಕು.”

“ಸತ್ತವರಿಗೆ ಎಂತ ಟೆಸ್ಟ್ ಅಕ್ಕಾ? ಇನ್ನೊಮ್ಮೆ ಸಾಯ್ತಾರಾ?” ಎಂದ ರಿಕ್ಷಾದ ನೋಣಯ್ಯ.

“ಟೆಸ್ಟ್ ಆಗದ್ದನ್ನು ಅವರು ಮುಟ್ಟಿದವರೇ ಅಲ್ಲ. ಸುಬ್ಬಯ್ಯಣ್ಣ, ನೀವೇ ಮಾಡಿ.”

ಬಾಟ್ಲಿಯ ಜೊತೆ ತುಕ್ರಪ್ಪನ ಹಿತ್ತಾಳೆ ಚಮಚವೂ ಕೈಗೆ ಬಂದಾಗ ಸುಬ್ಬಯ್ಯನಿಗೆ ನಗು ತಡೆಯುವುದೇ ಕಷ್ಟವಾಯಿತು. ಮೂವತ್ತು ವರ್ಷ ಕಾದಿದ್ದ.

*

ಸುಬ್ಬಯ್ಯ ಮೂಡುಬಿದಿರೆಯ ಶಾಲೆಯೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನು. ಆದರೆ ಗೇರುಹಣ್ಣಿನ ಕಾಲದಲ್ಲಿ ಯಾರ ಮನೆಯಲ್ಲಿ ಸಾರಾಯಿ ಇಳಿಸಿದರೂ ಬಾಟ್ಲಿ ಹೋಗುತ್ತಿದ್ದದ್ದು ತುಕ್ರಪ್ಪನ ಜಗಲಿಗೆ. ಅವನು ಮೂಸುತ್ತಿದ್ದ, ಚಮಚಕ್ಕೆ ಸುರಿದು ಕಡ್ಡಿ ಗೀರುತ್ತಿದ್ದ, ನೀಲಿ ಉರಿ ನೋಡಿ “ನಾಳೆ ಬೆಳಿಗ್ಗೆ ಹೇಳ್ತೇನೆ” ಎನ್ನುತ್ತಿದ್ದ.

“ಕಣ್ಣು ತೆಗೆಯುವ ವಿಷದ ಸ್ಪಿರಿಟ್ಟೂ ನೀಲಿಯೇ ಉರಿಯುವುದು ಮಾರಾಯ್ರೆ! ಲ್ಯಾಬಿಗೆ ಕೊಡಿ!” ಸುಬ್ಬಯ್ಯ ಗಂಟಲು ಹರಿದುಕೊಂಡ.

“ನಿಮ್ಮದು ಪುಸ್ತಕ. ತುಕ್ರಪ್ಪಣ್ಣನದ್ದು ಮೂಗು,” ಎಂದರು ಜನ.

ಆ ಮೂಗಿಗೆ ಶೀತವಾದ ದಿನ ಸುಬ್ಬಯ್ಯನಿಗೆ ಹಬ್ಬ. ಬೆಳಗಿನವರೆಗೆ ಜನರನ್ನು ಕಾಯಿಸುವುದಂತೂ ಬರೀ ಬಿಲ್ಡಪ್ ಎಂದುಕೊಂಡಿದ್ದ. ಚಮಚದ ಉರಿ ಆರುತ್ತಿತ್ತು, ಅವನ ಹೊಟ್ಟೆಯದು ಆರುತ್ತಿರಲಿಲ್ಲ.

*

ಎಲ್ಲರಿಗೂ ಕಾಣಲೆಂದು ಸುಬ್ಬಯ್ಯ ಅಂಗಳದ ಬಿಸಿಲಿಗೆ ಬಂದು ಕಡ್ಡಿ ಗೀರಿದ. ಏನೂ ಕಾಣಲಿಲ್ಲ.

“ಹತ್ತಲೇ ಇಲ್ಲ! ಪಿಕ್ಚರ್ ಫ್ಲಾಪ್!” ನೋಣಯ್ಯ ಎತ್ತಿದ ಮೊಬೈಲ್ ಇಳಿಸಿದ.

ಬಿಸಿಲಿನಲ್ಲಿ ನೀಲಿ ಉರಿ ಕಾಣದೆಂದು ಪುಸ್ತಕದವನಿಗೆ ನೆನಪಾದದ್ದು ಬೆರಳು ಸುಟ್ಟ ಮೇಲೆ. ತುಕ್ರಪ್ಪ ಯಾವತ್ತೂ ಜಗಲಿಯ ಕತ್ತಲ ಮೂಲೆ ಬಿಟ್ಟವನಲ್ಲ.

“ಪಾಸ್!” ಎಂದ ಸುಬ್ಬಯ್ಯ, ಬೆರಳು ಚೀಪುತ್ತಾ.

“ಈಗಲೇ ಪಾಸಾ?” ಸೇಸಮ್ಮ ಕೇಳಿದಳು. “ಉರಿ ನಿಮಗೆಲ್ಲ ತೋರಿಸ್ಲಿಕ್ಕೆ. ಅವರು ಒಂದು ಚಮಚ ಕುಡಿದು ಮಲಗ್ತಿದ್ರು. ಬೆಳಿಗ್ಗೆ ಕ್ಯಾಲೆಂಡರಿನ ಸಣ್ಣ ಅಕ್ಷರ ಓದ್ಲಿಕ್ಕೆ ಆದ್ರೆ ಬಾಟ್ಲಿ ಪಾಸ್. ಹೋಗುವುದಾದ್ರೆ ನನ್ನ ಕಣ್ಣು ಮಾತ್ರ ಹೋಗ್ಲಿ ಅಂತಿದ್ರು. ನೀವೂ ಒಂದು ಚಮಚ ಕುಡೀರಿ ಸುಬ್ಬಯ್ಯಣ್ಣ. ಆಮೇಲೆ ಅವರಿಗೆ.”

ಸುಬ್ಬಯ್ಯ ಬಾಟ್ಲಿ ಹಿಡಿದು ಒಳಗೆ ಹೋದ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕು ತಾರೀಕಿಗೂ ಪೆನ್ಸಿಲ್ ಗೀಟು. ಸ್ವಲ್ಪ ಹೊತ್ತಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ, ತುಂಬಿದ ಚಮಚ ಹಿಡಿದು ಹೊರಬಂದ.

ಗಂಗಸರ ಬಿಟ್ಟ ಎಂದು ಆಗ ಕೊಚ್ಚಿಕೊಂಡೆನಲ್ಲ, ಅದು ಸುಳ್ಳು. ಅವನು ಕುಡಿಯಲೂ ಇಲ್ಲ, ಬಿಡಲೂ ಇಲ್ಲ. ಚಮಚದಲ್ಲಿದ್ದದ್ದು ಕೊಡಪಾನದ ನೀರು. ಯಾರಿಗೂ ಗೊತ್ತಾಗಲಿಲ್ಲ. ಹಿಡಿಯಬಲ್ಲ ಒಂದೇ ಒಂದು ಮೂಗಿಗೆ ಹತ್ತಿ ತುರುಕಿದ್ದರು.